ಛೀ ಗಾದೆಪ್ಪನೂ ಸಂಗಿಯ ಗಂಟಲೂ

ಕಂಪ್ಲಿಯ ಬೆಲ್ಲದ ಪೇಟೆಯಲ್ಲಿ ಗಾದಿಲಿಂಗಪ್ಪನ ಅಂಗಡಿ ಯಾವುದೆಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಛೀ ಗಾದೆಪ್ಪನ ಅಂಗಡಿ ಎಂದರೆ ಮಾತ್ರ ಹೊಳೆಯಾಚೆಯ ನಿಜಾಮನ ಸೀಮೆಯಿಂದ ಹರಿಗೋಲಿನಲ್ಲಿ ಬಂದವರೂ ನೆಟ್ಟಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಬಳ್ಳಾರಿ ಜಿಲ್ಲೆ ಇನ್ನೂ ಮದ್ರಾಸಿನ ಬಾಲ ಹಿಡಿದುಕೊಂಡಿದ್ದ ಕಾಲ ಅದು. ಊರಿಗೆ ವಾರಕ್ಕೊಂದು ಸಲ ಯಾವನೋ ಒಬ್ಬ ಅಧಿಕಾರಿ ಬಂದು ಗಟಾರ ನೋಡಿ ಮೂಗು ಮುಚ್ಚಿಕೊಂಡು ಹೋಗುತ್ತಿದ್ದ. ಗಾದೆಪ್ಪ ಮಾತ್ರ ಸಂಬಳವಿಲ್ಲದೆ ಆ ಕೆಲಸವನ್ನು ದಿನಾಲೂ ಮಾಡುತ್ತಿದ್ದ.

ಅವನಿಗೆ ಹೇಸಿಗೆಯಾಗದ ವಸ್ತು ಲೋಕದಲ್ಲಿ ಕಡಿಮೆ. ಬೆಲ್ಲದಂಗಡಿಯಲ್ಲಿ ಕುಳಿತು ನೊಣಕ್ಕೆ ಹೇಸುವುದೆಂದರೆ ಅಂಬಿಗ ನೀರಿಗೆ ಹೇಸಿದ ಹಾಗೆ. ಆದರೆ ಅವನು ಹೇಸುತ್ತಿದ್ದ. ರೈತರು ಬೆಲ್ಲದ ಅಚ್ಚಿನ ಮೂಲೆ ಮುರಿದು, ನಾಲಿಗೆಗೆ ಮುಟ್ಟಿಸಿ, ಮಿಕ್ಕಿದ್ದನ್ನು ತಿರುಗಿ ಅಚ್ಚಿಗೆ ಅಂಟಿಸುವುದಕ್ಕೆ ಹೇಸುತ್ತಿದ್ದ. ಲೋಟ ಕಚ್ಚಿ ಕುಡಿಯುವವರಿಗೆ, ಉಗುಳು ಮುಟ್ಟಿಸಿ ರೂಪಾಯಿ ಎಣಿಸುವವರಿಗೆ, ಮಾತಿನ ನಡುವೆ ಕಿವಿಯೊಳಗೆ ಕಡ್ಡಿ ಆಡಿಸಿ ಅದರ ತುದಿಯನ್ನು ನೋಡುವವರಿಗೆ, ಎಲ್ಲರಿಗೂ ಒಂದೊಂದು ಛೀ ಮೀಸಲಿತ್ತು. ಹೆಗಲ ಮೇಲಿನ ವಸ್ತ್ರದ ತುದಿ ಮೂಗಿಗೆ ಹೋಗುವುದು, ಬಾಯಿಂದ ಛೀ ಬರುವುದು, ಎರಡೂ ಒಟ್ಟಿಗೆ. ಹೇಸಿಗೆ ಎಲ್ಲರಿಗೂ ಬರುವಂಥದ್ದಲ್ಲ, ಅದಕ್ಕೂ ಸಂಸ್ಕಾರ ಬೇಕು ಎಂದು ಅವನು ಒಳಗೊಳಗೇ ನಂಬಿದ್ದ. ಕೆಲವರು ಶಿವಪೂಜೆಯ ಬಗ್ಗೆ ಬೀಗಿದಂತೆ ಇವನು ಹೇಸಿಗೆಯ ಬಗ್ಗೆ ಬೀಗುತ್ತಿದ್ದ.

ಇಂಥವನ ಮನೆಗೆ ಸಂಗಿ ಬಂದಳು.

ಸಂಗಮ್ಮ ಅವನ ಸತ್ತ ತಂಗಿಯ ಮಗಳು. ಅಪ್ಪ ಸಂಡೂರಿನ ಗುಡ್ಡದಲ್ಲಿ ಮ್ಯಾಂಗನೀಸ್ ಗಣಿಯ ಮೇಸ್ತ್ರಿ. ಎರಡನೆಯ ಮದುವೆಯ ಗಡಿಬಿಡಿಯಲ್ಲಿ ಮಗಳನ್ನು ಒಂದು ಬಂಡಿ ಹತ್ತಿಸಿ, ಒಂದು ಗಂಟು ಬಟ್ಟೆ ಕೊಟ್ಟು ಕಳಿಸಿದ್ದ. ಗಂಟಿನಲ್ಲಿ ಕಾಣದ ಇನ್ನೊಂದು ಆಸ್ತಿಯನ್ನು ಹುಡುಗಿ ಗಂಟಲಲ್ಲಿ ಇಟ್ಟುಕೊಂಡು ಬಂದಿದ್ದಳು. ಎರಡು ವರ್ಷದಿಂದ ತಿಂಗಳಿಗೊಮ್ಮೆ, ಅಮಾವಾಸ್ಯೆಯ ಸುಮಾರಿಗೆ, ಗಂಟಲು ಊದಿಕೊಂಡು ಜ್ವರ ಏರುತ್ತಿತ್ತು. ರೊಟ್ಟಿ ಇಳಿಯದು, ಅನ್ನ ಇಳಿಯದು, ಕೊನೆಗೆ ಗಂಜಿಯೂ ಮೂಗಿನಿಂದ ಬರುವುದು. ಎಂಟು ವರ್ಷದ ಹುಡುಗಿ ಐದರವಳ ಹಾಗೆ ಕಾಣುತ್ತಿದ್ದಳು. ಬಾಯಲ್ಲಿ ಬಿಸಿ ಗೆಣಸು ಇಟ್ಟುಕೊಂಡವರ ಹಾಗೆ ಮಾತಾಡುತ್ತಿದ್ದಳು. ಆ ಬಾಯಿಯ ವಾಸನೆಯಂತೂ, ಮುಚ್ಚಿಟ್ಟ ಗಡಿಗೆಯ ಹಳಸಿದ ಸಾರಿನದು. ಇಲ್ಲಿ ನಯವಾದ ಮಾತು ಹುಡುಕಿ ಪ್ರಯೋಜನವಿಲ್ಲ.

ಗಾದೆಪ್ಪ ಮೊದಲ ದಿನವೇ ಅವಳ ತಾಟು, ಲೋಟ ಬೇರೆ ಮಾಡಿಸಿದ. ಅವಳು "ಮಾವ" ಎಂದು ಹತ್ತಿರ ಬಂದರೆ ಹೆಗಲ ವಸ್ತ್ರ ಮೂಗಿಗೆ ಹೋಗುತ್ತಿತ್ತು. ಮಕ್ಕಳು ಬುದ್ಧಿವಂತರು. ಸಂಗಿ ಒಂದು ವಾರದಲ್ಲಿ ಕಲಿತಳು: ಮಾವನ ಎದುರು ಅಂಗೈ ಬಾಯಿಗೆ ಅಡ್ಡ ಹಿಡಿದು ಮಾತಾಡುವುದು.

ಅವನ ಹೆಂಡತಿ ಜಂಬಮ್ಮನಿಗೆ ಮಕ್ಕಳಿರಲಿಲ್ಲ. ಅವಳು ಹಂಪಿಯ ವಿರೂಪಾಕ್ಷನಿಗೆ ಹರಕೆ ಹೊತ್ತಳು, ಸಂಡೂರು ಕುಮಾರಸ್ವಾಮಿಯ ವಿಭೂತಿ ತರಿಸಿ ಕೊರಳಿಗೆ ಬಳಿದಳು, ಅರಿಷಿಣದ ಹಾಲು ಕುಡಿಸಿದಳು. ಯಾವುದಕ್ಕೂ ಬಗ್ಗದಿದ್ದಾಗ ಆ ಮನೆತನದಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದಳು. ಕೊಟ್ರಬಸಪ್ಪನವರಿಗೆ ಹೇಳಿ ಕಳಿಸಿದಳು.

ಕೊಟ್ರಬಸಪ್ಪನವರು ಗಾದೆಪ್ಪನ ದೊಡ್ಡಪ್ಪನ ಮಗ, ಅಕ್ಕಿ ಗಿರಣಿಯ ಧಣಿ, ಪಂಚಾಯ್ತಿ ಬೋರ್ಡಿನ ಮೆಂಬರು. ಊರಲ್ಲಿ ಅವರ ಅಧ್ಯಕ್ಷತೆಯಿಲ್ಲದೆ ಮದುವೆಯೂ ಆಗುತ್ತಿರಲಿಲ್ಲ, ಸಾವೂ ಆಗುತ್ತಿರಲಿಲ್ಲ. ಸಾಯುವವನೂ ಅವರು ಬರಲೆಂದು ಒಂದು ಗಳಿಗೆ ಕಾಯುತ್ತಿದ್ದ ಎಂದು ಹಾಸ್ಯ ಮಾಡುವವರಿದ್ದರು. ಇದೆಲ್ಲಕ್ಕಿಂತ ಅವರು ಹೆಮ್ಮೆಪಡುತ್ತಿದ್ದುದು ತಮ್ಮ ಬಲಗೈಯ ತೋರುಬೆರಳಿನ ಬಗ್ಗೆ. ಮಕ್ಕಳಿಗೆ ಗಂಟಲು ನೋವು ಬಂದರೆ ಕಿರುನಾಲಿಗೆ ಬಿದ್ದಿದೆ ಎಂದು ನಮ್ಮಲ್ಲಿ ಹೇಳುವುದುಂಟು. ಬಿದ್ದದ್ದನ್ನು ಎತ್ತಬೇಕು. ಬೆರಳಿಗೆ ಒಲೆಯ ಬೂದಿ, ಮೆಣಸಿನ ಪುಡಿ ಹಚ್ಚಿ, ಗಂಟಲೊಳಗೆ ಹಾಕಿ, ಮೇಲಕ್ಕೊತ್ತಿ, ನೆತ್ತಿಯ ಕೂದಲು ಹಿಡಿದು ಜಗ್ಗಬೇಕು. ಕೊಟ್ರಬಸಪ್ಪನವರ ಅಪ್ಪ ಎತ್ತುತ್ತಿದ್ದರು, ಅಜ್ಜ ಎತ್ತುತ್ತಿದ್ದರು. ಅರ್ಧ ಕಂಪ್ಲಿಯ ಗಂಟಲು ಆ ಮನೆತನದ ಬೆರಳನ್ನು ಕಂಡಿತ್ತು. ಒಂದು ಕಾಸು ಮುಟ್ಟುತ್ತಿರಲಿಲ್ಲ. ಧರ್ಮಕ್ಕೆ ಮಾಡುವ ಕೆಲಸಕ್ಕೆ ಯಾರೂ ತಪ್ಪು ಹುಡುಕುವಂತಿಲ್ಲ. ಅದೇ ಅದರ ದೊಡ್ಡ ಸೌಕರ್ಯ.

ಆ ಬೆರಳಿಗೆ ಇನ್ನೊಂದು ಉದ್ಯೋಗವೂ ಇತ್ತು. ಕೊಟ್ರಬಸಪ್ಪನವರು ನಶ್ಯ ಏರಿಸುತ್ತಿದ್ದರು. ಡಬ್ಬಿ ತೆಗೆದು, ಚಿಟಿಕೆ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಏರಿಸಿ, ಮೂಗಿನಿಂದ ಇಳಿದದ್ದನ್ನು ಅದೇ ಬೆರಳಿನಿಂದ ಒರೆಸಿ, ಬೆರಳನ್ನು ಧೋತರದ ಮೊಣಕಾಲಿಗೆ ಒರೆಸುತ್ತಿದ್ದರು. ಆ ಮೊಣಕಾಲು ಸದಾ ಕಂದು ಬಣ್ಣದ್ದು. ಗಾದೆಪ್ಪ ಅಣ್ಣನ ಎದುರು ಕೂರುವಾಗ ಕಣ್ಣನ್ನು ಆ ಮೊಣಕಾಲಿನಿಂದ ತಪ್ಪಿಸಿ ಕೂರುತ್ತಿದ್ದ.

ಮೂರು ತಿಂಗಳು ಆ ಬೆರಳು ಸಂಗಿಯ ಗಂಟಲಿಗೆ ಹೋಯಿತು. ಪ್ರತಿ ಸಲವೂ ಹುಡುಗಿ ಕಕ್ಕಿದಳು, ಅತ್ತಳು, ಎರಡು ದಿನ ಬಿಟ್ಟು ಜ್ವರ ಇನ್ನಷ್ಟು ಏರಿತು. "ಬಿದ್ದಿದ್ದು ಏಳುವಾಗ ಹಂಗ ಆಗತೈತಿ," ಎಂದರು ಕೊಟ್ರಬಸಪ್ಪನವರು. ಗಾದೆಪ್ಪ ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತು, ವಸ್ತ್ರದೊಳಗೇ ಛೀ ಎಂದುಕೊಂಡ. ದೊಡ್ಡವರ ಎದುರು ಅದು ಹೊರಗೆ ಬರುವ ಪೈಕಿಯದಲ್ಲ.

ಮುಂದೊಂದು ದಿನ ಬಳ್ಳಾರಿಯ ಪೇಟೆಗೆ ಬೆಲ್ಲ ಒಯ್ಯುವ ಕೆಲಸವಿತ್ತು. ಹೆಂಡತಿಗೂ ಹೇಳದೆ ಗಾದೆಪ್ಪ ಸಂಗಿಯನ್ನು ಕರೆದುಕೊಂಡು ಹೋದ. ಕರುಣೆಯಿಂದ ಎಂದು ಬರೆದರೆ ಸುಳ್ಳಾಗುತ್ತದೆ. ಅವನಿಗೆ ಆ ವಾಸನೆಯೂ ಆ ಬೆರಳೂ ಸಾಕಾಗಿದ್ದವು, ಅಷ್ಟೇ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರು ತೆಲುಗಿನವರು. ದಪ್ಪ ಕನ್ನಡಕ, ಕೈಯಲ್ಲಿ ಕುದಿಯುವ ನೀರಿನಿಂದ ತೆಗೆದ ಚಮಚೆ. ಆ ಕುದಿಯುವ ನೀರನ್ನು ನೋಡಿದಾಗಲೇ ಗಾದೆಪ್ಪನಿಗೆ ಸ್ವಂತ ಊರಿಗೆ ಬಂದಷ್ಟು ಸಮಾಧಾನವಾಯಿತು. "ಬಾಯಿ ತೆಗಿಯಮ್ಮಾ," ಎಂದರು ಡಾಕ್ಟರು. ಸಂಗಿ ಅಂಗೈಯನ್ನು ಬಾಯಿಂದ ತೆಗೆಯಲಿಲ್ಲ.

"ಯಾಕಮ್ಮಾ?"

"ಮಾವ ಹೊರಗ ಹೋಗ್ಲಿ," ಎಂದಳು ಬೆರಳುಗಳ ಸಂದಿಯಿಂದ. "ಮಾವಗ ನಾತ ಬಡೀತೈತಿ."

ಡಾಕ್ಟರು ಕನ್ನಡಕದ ಮೇಲಿನಿಂದ ಗಾದೆಪ್ಪನನ್ನು ನೋಡಿದರು. ಹೆಗಲ ವಸ್ತ್ರ ಆಗಲೇ ಅರ್ಧ ದಾರಿ ಮೂಗಿಗೆ ಹೋಗಿತ್ತು. ಅವನು ಅದನ್ನು ಕೆಳಗಿಳಿಸಿದ. ಬಾಯಿಂದ ಸಣ್ಣಗೆ ಛೀ ಬಂತು. ಈ ಸಲ ಅದು ಯಾರ ಲೆಕ್ಕಕ್ಕೆ ಎಂದು ಅವನಿಗೇ ಗೊತ್ತಾಗಲಿಲ್ಲ. "ತೆಗಿ ಸಂಗೀ, ನಾ ಇಲ್ಲೇ ಇರ್ತೀನಿ," ಎಂದು ನಿಂತ.

ಡಾಕ್ಟರು ನೋಡಿ ಹೇಳಿದರು: "ಗಂಟಲ ಎರಡೂ ಕಡೆ ಗಡ್ಡೆ ಬೆಳೆದು ಕೀವು ತುಂಬಿದೆಯಂಡಿ. ಟಾನ್ಸಿಲ್ ಅಂತಾರೆ. ಕತ್ತರಿಸಿ ತೆಗೀಬೇಕು. ಇನ್ನೂ ಬಿಟ್ರೆ ಉಸಿರಿಗೇ ಅಡ್ಡ ಬರುತ್ತೆ, ಎದೆಗೂ ಇಳಿಯುತ್ತೆ. ಆದ್ರೆ ಜ್ವರ ಇದ್ದಾಗ ಕತ್ತಿ ಹಾಕೋ ಹಾಗಿಲ್ಲ. ಈ ಔಷಧಿಯಲ್ಲಿ ಬಾಯಿ ಮುಕ್ಕಳಿಸಲಿ, ಜಾಸ್ತಿ ಮಾತಾಡೋದು ಬೇಡ, ಅಮಾವಾಸ್ಯೆ ಕಳೆದ ಸೋಮವಾರ ಕರ್ಕೊಂಡು ಬನ್ನಿ. ಅಲ್ಲೀವರೆಗೆ ಒಳಗೆ ಯಾರೂ ಬೆರಳು ಹಾಕಬಾರದು. ಯಾರು ಹಾಕ್ತಿದ್ರು, ಇಷ್ಟು ಗಾಯ ಮಾಡಿದ್ದಾರೆ?"

"ನಮ್ಮ ಅಣ್ಣ," ಎಂದ ಗಾದೆಪ್ಪ. "ಕಿರುನಾಲಿಗಿ ಎತ್ತಾಕ."

"ಕಿರುನಾಲಿಗೆ ಎಲ್ಲಿದೆಯೋ ಅಲ್ಲೇ ಇದೆ. ಅದು ಬೀಳೋದೂ ಇಲ್ಲ, ಎತ್ತೋದೂ ಇಲ್ಲ," ಎಂದರು ಡಾಕ್ಟರು.

ಮೂರು ತಲೆಮಾರಿನ ಧರ್ಮಕಾರ್ಯ ಹೀಗೆ ಒಂದು ಮಾತಿನಲ್ಲಿ ಮುಗಿದದ್ದನ್ನು ಗಾದೆಪ್ಪ ಕಂಪ್ಲಿಗೆ ಹೊತ್ತು ತಂದ. ಯಾರಿಗೆ ಹೇಳುವುದು?

ಜಂಬಮ್ಮ ಸುದ್ದಿ ಕೇಳಿ ಗೋಡೆಗೊರಗಿ ಕುಳಿತುಬಿಟ್ಟಳು. "ಕೊಳ್ಳಾಗ ಕತ್ತಿ ಹಾಕಸ್ತೀರೇನ್ರಿ? ಹುಡುಗಿ ಮೂಕಿ ಆದ್ರ ಯಾರು ಮದುವಿ ಆಕ್ಕಾರ?"

"ಈಗ ಇರೋ ನಾತಕ್ಕ ಯಾರು ಆಕ್ಕಾರ?" ಎಂದ ಗಾದೆಪ್ಪ. ಒರಟು ಮಾತು. ಆದರೆ ಜಂಬಮ್ಮನಿಗೆ ನಾಟಿದ್ದು ಅದೇ. ಅಂದಿನಿಂದ ಬಾಯಿ ಮುಕ್ಕಳಿಸುವ ಔಷಧಿ ಅವಳ ಕೈಗೆ ಬಂತು. ನೀರು ಕುದಿಯಲೇಬೇಕು, ಲೋಟ ತೊಳೆಯಲೇಬೇಕು ಎಂದು ಗಂಡನಿಗಿಂತ ಹೆಚ್ಚು ಕೂಗಾಡಿದಳು. ಸಂಗಿಯ ಜ್ವರ ಇಳಿಯಿತು. ಅಮಾವಾಸ್ಯೆ ಕಳೆಯಿತು. ಇನ್ನು ಸೋಮವಾರವೊಂದು ಬರಬೇಕು.

ಶನಿವಾರ ಸಂಜೆ ಕೊಟ್ರಬಸಪ್ಪನವರು ಬಂದರು. ಹಿಂದೆ ಓಣಿಯ ನಾಲ್ಕು ಜನ. ಅವರು ಒಬ್ಬರೇ ಎಲ್ಲಿಗೂ ಹೋಗುತ್ತಿರಲಿಲ್ಲ. ಪಡಸಾಲೆಯಲ್ಲಿ ಕುಳಿತು, ಡಬ್ಬಿ ತೆಗೆದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಏರಿಸಿ, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು:

"ಏನ್ಲೇ ಗಾದೆಪ್ಪ, ಬಳ್ಳಾರಿಗೆ ಹೊಂಟೀಯಂತ. ಹೋಗು, ಬ್ಯಾಡನ್ನಂಗಿಲ್ಲ. ಸರಕಾರದ ಆಸ್ಪತ್ರಿ, ನಾವೂ ಒಂದ್ನಮೂನಿ ಸರಕಾರದವರ. ಆದ್ರ ಕತ್ತಿ ಬೀಳೂಕಿಂತ ಮೊದ್ಲು ಒಮ್ಮಿ ಎತ್ತಿ ಕಳಸ್ತೀನಿ. ಡಾಕ್ಟರಿಗೂ ಕೆಲಸ ಹಗುರಾಕೈತಿ. ಬಾ ಸಂಗವ್ವ, ಬಾಯಿ ತೆಗಿ."

ಬೂದಿಯ ಬಟ್ಟಲು ಕೇಳಿದರು. ಮೂಗಿನ ಕೆಳಗೆ ಇಳಿಯುತ್ತಿದ್ದುದನ್ನು ಬೆರಳಿನಿಂದ ಎಳೆದು, ಮೊಣಕಾಲಿಗೆ ಒರೆಸಿ, ಅದೇ ಬೆರಳನ್ನು ಬೂದಿಗೆ ಅದ್ದಿದರು. ಬೂದಿ ಒದ್ದೆಯಾಗಿ ಅಂಟಿಕೊಂಡಿತು. ಅದು ಯಾವುದರಿಂದ ಒದ್ದೆಯಾಯಿತು ಎಂದು ಗಾದೆಪ್ಪ ನೋಡಿದ. ಸಂಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮಾವನನ್ನೇ ನೋಡುತ್ತಿದ್ದಳು.

"ಛೀ! ಅಣ್ಣಾ, ಕೈ ತೊಳ್ಕೋ!"

ಕೈ ತೊಳೆದುಕೋ ಎಂದು ಆ ಮನೆತನದಲ್ಲಿ ಯಾರೂ ಹಿರಿಯರಿಗೆ ಹೇಳಿದ್ದಿಲ್ಲ. ಊಟಕ್ಕೆ ಮುಂಚೆ ಕೈಗೆ ನೀರು ಹಾಕುವುದುಂಟು, ಅದು ಮರ್ಯಾದೆ. ಇದು ಬೇರೆ.

"ಏನಂದಿ?" ಕೊಟ್ರಬಸಪ್ಪನವರ ಬೆರಳು ಗಾಳಿಯಲ್ಲೇ ನಿಂತಿತ್ತು. "ಈ ಕೈ ಏನಂತ ತಿಳಿದೀ? ನಮ್ಮಜ್ಜನ ಕೈಗುಣ ಐತಿ ಇದರಾಗ!"

"ಅಜ್ಜನ ಕೈಗುಣ ಇರಲಿ ಅಣ್ಣಾ. ಅದರ ಮ್ಯಾಲೆ ನಿನ್ನ ಸಿಂಬಳ ಐತಿ."

ಹಿಂದಿದ್ದ ನಾಲ್ವರಲ್ಲಿ ಒಬ್ಬ ನಗು ತಡೆಯಲು ಹೋಗಿ ಕೆಮ್ಮಿದ. ಆ ಕೆಮ್ಮು ಕೊಟ್ರಬಸಪ್ಪನವರಿಗೆ ತಮ್ಮನ ಮಾತಿಗಿಂತ ಹೆಚ್ಚು ಚುಚ್ಚಿತು. ಎದ್ದರು. ರುಮಾಲು ಸರಿಮಾಡಿಕೊಂಡರು. "ಇನ್ನ ನಿನ್ನ ಕೂಡ ನನಗ ಮಾತಿಲ್ಲ," ಎಂದು ಹೊಸ್ತಿಲು ದಾಟಿದರು. ಜಂಬಮ್ಮ ಬಟ್ಟಲಿನ ಬೂದಿಯನ್ನು ಹಿತ್ತಿಲಿಗೆ ಎಸೆದು, ಬಟ್ಟಲನ್ನೂ ಅಲ್ಲೇ ಬಿಟ್ಟು ಬಂದಳು.

ಸೋಮವಾರಕ್ಕೆ ಮುಟ್ಟಬೇಕೆಂದು ಭಾನುವಾರವೇ ಬಂಡಿಯಲ್ಲಿ ಹೊಸಪೇಟೆಗೆ ಬಂದು, ಬೆಳಗಿನ ರೈಲಿಗೆ ನಿಂತರು ಮೂವರು. ನೋಡುತ್ತಾರೆ, ಸ್ಟೇಷನ್ನಿನಲ್ಲಿ ಜರಿ ರುಮಾಲು, ಉದ್ದ ಕೋಟು, ಕೊಡೆ, ಪಕ್ಕದಲ್ಲಿ ಬುತ್ತಿಯ ಗಂಟು: ಕೊಟ್ರಬಸಪ್ಪನವರು. ಮನೆತನದಲ್ಲಿ ಒಂದು ಕೊರಳು ಕೊಯ್ಯುವ ಕಾರ್ಯ ತಮ್ಮ ಅಧ್ಯಕ್ಷತೆಯಿಲ್ಲದೆ ನಡೆದುಹೋಗುತ್ತದೆಂಬ ಚಿಂತೆಗೆ ಅವರಿಗೆ ನಿದ್ದೆ ಬಂದಿರಲಿಲ್ಲ.

ಅವರು ಆಕಾಶ ನೋಡುತ್ತ ಹೇಳಿದರು: "ನಾ ಯಾರ ಜೋಡೀನೂ ಬರಾಕತ್ತಿಲ್ಲ. ಅದ ರೈಲಿನಾಗ ಬರಾಕತ್ತೀನಿ, ಅಷ್ಟ."

ರೈಲಿನ ಒಂದೇ ಡಬ್ಬಿಯಲ್ಲಿ ಎದುರುಬದುರು ಕುಳಿತರು. ಡಬ್ಬಿಯ ನೆಲದ ಮೇಲೆ ಎಲೆಯಡಿಕೆಯ ಉಗುಳು, ಹಲಗೆಗೆ ಅಂಟಿದ ಯಾರದೋ ಬಾಳೆಹಣ್ಣಿನ ಸಿಪ್ಪೆ, ಕಿಟಕಿಯಿಂದ ಕಲ್ಲಿದ್ದಿಲ ಕರಿ. ಗಾದೆಪ್ಪ ಕಾಲು ಮೇಲಕ್ಕೆತ್ತಿಕೊಂಡು ಕುಳಿತ. ಕೊಟ್ರಬಸಪ್ಪನವರು ತಮ್ಮನೊಡನೆ ಮಾತಾಡರು. ಜಂಬಮ್ಮ ಗಂಡನ ಅಣ್ಣನೊಡನೆ, ಮದುವೆಯಾಗಿ ಬಂದಂದಿನಿಂದ, ಪದ್ಧತಿಯಂತೆ ಒಂದು ಮಾತೂ ಆಡಿದವಳಲ್ಲ. ಸೆರಗು ಎಳೆದುಕೊಂಡು ಕಿಟಕಿ ನೋಡುತ್ತಿದ್ದಳು. ಹೀಗಾಗಿ ಎಲ್ಲರ ಮಾತೂ ಸಂಗಿಯ ಮೂಲಕವೇ ಹೋಗಬೇಕಾಯಿತು.

"ಸಂಗವ್ವ, ನಿನ್ನ ಮಾವಗ ಹೇಳು, ಡಾಕ್ಟರ ಕೂಡ ನಾ ಮಾತಾಡ್ತೀನಂತ."

"ಸಂಗೀ, ದೊಡ್ಡಮಾವಗ ಹೇಳು, ನಿನಗ ಮಾತಾಡಬ್ಯಾಡ ಅಂದಾರಂತ ಡಾಕ್ಟರು."

"ಹಂಗಾರ ನಾ ಹೆಂಗ ಹೇಳ್ಲಿ ಮಾವ?" ಎಂದಳು ಸಂಗಿ.

ಆಸ್ಪತ್ರೆಯಲ್ಲಿ ಡಾಕ್ಟರು ಗಂಟಲು ನೋಡಿ, "ಚೆನ್ನಾಗಿದೆ, ಇವತ್ತೇ ಮಾಡಿಬಿಡೋಣ," ಎಂದರು. "ನಾಳೆಯಿಂದ ನಾನು ಕ್ಯಾಂಪಿನ ಮೇಲೆ ಹೋಗಬೇಕು, ತಿರುಗಿ ಬರೋಷ್ಟರಲ್ಲಿ ಇನ್ನೊಂದು ಅಮಾವಾಸ್ಯೆ." ಇನ್ನೊಂದು ಅಮಾವಾಸ್ಯೆ ಎಂದರೆ ಇನ್ನೊಂದು ಜ್ವರ. ಗಾದೆಪ್ಪ ತಲೆಯಾಡಿಸಿದ. ನರ್ಸಮ್ಮ ಬಂದು ಸಂಗಿಗೆ ಬಿಳಿ ಅಂಗಿ ತೊಡಿಸುತ್ತ, "ಕೊರಳಲ್ಲಿರೋದು ತೆಗೀರಿ," ಎಂದಳು.

ಕೊರಳಲ್ಲಿದ್ದುದು ಲಿಂಗ. ಹುಟ್ಟಿದಾಗ ಅಯ್ಯನವರು ಕಟ್ಟಿದ್ದು, ಬಿಳಿ ವಸ್ತ್ರದಲ್ಲಿ ಸುತ್ತಿ, ದಾರದಲ್ಲಿ.

ಕೊಟ್ರಬಸಪ್ಪನವರು ಬೆಳಗಿನಿಂದ ಇಂಥ ಒಂದು ಗಳಿಗೆಗೇ ಕಾಯುತ್ತಿದ್ದರು. ಕೊಡೆಯನ್ನು ನೆಲಕ್ಕೆ ಊರಿ ಎದ್ದು ನಿಂತರು. "ಅದು ಆಗದ ಮಾತು!" ಎಂದರು. ವರಾಂಡದಲ್ಲಿದ್ದ ರೋಗಿಗಳೆಲ್ಲ ತಿರುಗಿದರು. "ಲಿಂಗ ಅಗಲಿದ್ರ ಅಂಗ ಉಳಿಯಂಗಿಲ್ಲ. ನಮ್ಮ ಮನಿತನದಾಗ ಕೊಳ್ಳಿನಿಂದ ಲಿಂಗ ತೆಗೆದಿದ್ದು ಇಲ್ಲ. ಹೊಸಪ್ಯಾಟಿಗೆ ಮಂದಿ ಕಳಸ್ತೀನಿ, ಮಠದ ಸ್ವಾಮಿಗಳ ಅಪ್ಪಣಿ ತರ್ತಾರ. ಅಲ್ಲೀತನ ಯಾರೂ ಕೈ ಹಚ್ಚಬಾರದು!"

"ಇವತ್ತು ಬರುತ್ತಾ ಅಪ್ಪಣೆ?" ಎಂದರು ಡಾಕ್ಟರು.

"ನಾಳಿಗೆ ಬರತೈತಿ. ನಾಡಿದ್ದಿಗಂತೂ ಖರೇ."

"ನಾನು ಹೇಳಿದೆನಲ್ಲಂಡಿ, ನಾಳೆ ನಾನಿರೋದಿಲ್ಲ."

"ಶಾಸ್ತ್ರ ನಿಮ್ಮ ಕ್ಯಾಂಪು ನೋಡತೈತೇನ್ರಿ?"

ಗಾದೆಪ್ಪ ಬಾಯಿ ತೆರೆದ. ಸಿಂಬಳದ ವಿಷಯದಲ್ಲಿ ಅವನಿಗೆ ಧೈರ್ಯವಿತ್ತು, ಶಿವನ ವಿಷಯದಲ್ಲಿ ಇರಲಿಲ್ಲ. ಡಾಕ್ಟರು ಗಡಿಯಾರ ನೋಡಿ, ಮುಂದಿನ ರೋಗಿಯನ್ನು ಕರೆಯಲು ಕೈ ಎತ್ತಿದರು. ಸಂಗಿ ಬಿಳಿ ಅಂಗಿಯಲ್ಲಿ ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಿದ್ದಳು.

"ಸಂಗೀ," ಎಂದಳು ಸೆರಗಿನೊಳಗಿಂದ ಜಂಬಮ್ಮ. ಕಂಬದ ಕಡೆ ಮುಖ ಮಾಡಿದ್ದಳು, ಆದರೆ ದನಿ ಎಲ್ಲರಿಗೂ ಕೇಳುವಷ್ಟಿತ್ತು. "ದೊಡ್ಡಮಾವಗ ಕೇಳು. ಭಾವನೋರು ಹೊಳಿಯಾಗ ಈಜಾಕ ಹೋದಾಗ ಲಿಂಗ ತೊಯ್ದೀತಂತ ತಲಿ ರುಮಾಲಿನಾಗ ಕಟ್ಕೊಂತಿದ್ರಂತ. ಆವಾಗ ಯಾವ ಸ್ವಾಮಿಗೋಳ ಅಪ್ಪಣಿ ತರ್ಸಿದ್ರು ಅಂತ ಕೇಳು. ಮೈ ಮ್ಯಾಲೆ ಇದ್ರ ಸಾಕಲ್ಲ. ತೋಳು ಮೈ ಅಲ್ಲೇನು?"

ಯಾರೂ ಉತ್ತರ ಕೊಡುವ ಮೊದಲೇ ಅವಳು ಬಗ್ಗಿ, ದಾರವನ್ನು ಕೊರಳಿನಿಂದ ಜಾರಿಸಿ, ಮೈಗೆ ತಾಗಿಸಿಕೊಂಡೇ ಇಳಿಸಿ, ಹುಡುಗಿಯ ತೋಳಿಗೆ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. ಶಿವನಿಗೆ ಅದರಿಂದ ಏನೂ ತೊಂದರೆಯಾದಂತೆ ಕಾಣಲಿಲ್ಲ. ಡಾಕ್ಟರು ಹುಡುಗಿಯ ಕೈ ಹಿಡಿದು ಒಳಗೆ ನಡೆದರು. ಕೊಟ್ರಬಸಪ್ಪನವರು ಪಕ್ಕದ ರೋಗಿಗೆ, "ನಾನೂ ಅದನ್ನ ಹೇಳೋನಿದ್ದೆ," ಎಂದರು.

ಕೆಲಸ ಬೇಗ ಮುಗಿಯಿತು. ಆಮೇಲಿನದು ಉದ್ದ. ಔಷಧಿಯ ಮಂಪರಿನಲ್ಲಿ ಸಂಗಿಯನ್ನು ತಂದು ಮಗ್ಗುಲಾಗಿ ಮಲಗಿಸಿದರು. ನುಂಗಿದ ರಕ್ತವೆಲ್ಲ ವಾಂತಿಯಾಗುತ್ತದೆ, ಅದು ಒಳ್ಳೆಯದೇ, ಯಾರಾದರೂ ತಲೆ ಹಿಡಿದು ಬೋಗುಣಿ ಹಿಡಿಯಬೇಕು, ಹೊಸ ಕೆಂಪು ರಕ್ತ ಬಂದರೆ ಕೂಗಬೇಕು ಎಂದು ಹೇಳಿ ನರ್ಸಮ್ಮ ಬೇರೆ ಮಂಚಕ್ಕೆ ಹೋದಳು. ಜಂಬಮ್ಮ ಮೊದಲ ಬೋಗುಣಿಗೇ ಕಣ್ಣು ಕತ್ತಲಿಟ್ಟು ನೆಲಕ್ಕೆ ಕುಳಿತಳು. ಶಿವನ ಎದುರು ನಿಂತವಳು ರಕ್ತದ ಎದುರು ನಿಲ್ಲಲಾರಳು. ಕೊಟ್ರಬಸಪ್ಪನವರು ಬಾಗಿಲಲ್ಲೇ ನಿಂತು, "ಗಾಳಿ ಆಡ್ಲಿ, ಗಾಳಿ ಆಡ್ಲಿ," ಎಂದು ಆಜ್ಞೆ ಮಾಡುತ್ತ ಗಾಳಿಗೆ ತಾವೇ ಅಡ್ಡವಾಗಿದ್ದರು.

ಉಳಿದವನು ಗಾದೆಪ್ಪ.

ಅವನು ಬೋಗುಣಿ ಹಿಡಿದ. ಇಲ್ಲಿ ಅವನ ಹೇಸಿಗೆ ಕರಗಿ ಪ್ರೀತಿಯಾಯಿತು ಎಂದು ಬರೆಯುವ ಆಸೆ ಯಾರಿಗಾದರೂ ಆದೀತು. ಹಾಗೇನೂ ಆಗಲಿಲ್ಲ. ಕಪ್ಪು ರಕ್ತ, ಅದರ ಜೊತೆ ಎಳೆ ಎಳೆಯಾದ ಲೋಳೆ, ಕೀವಿನ ಆ ಹಳೆಯ ವಾಸನೆಯ ಕೊನೆಯ ಕಂತು, ಎಲ್ಲವೂ ಅವನ ಮೂಗಿನ ಗೇಣು ದೂರಕ್ಕೆ ಬಂದಾಗ ಅವನು ಛೀ ಎಂದ. ಎರಡನೆಯ ಸಲವೂ ಛೀ ಎಂದ. ಮುಂಗೈ ಮೇಲೆ ಬೆಚ್ಚಗೆ ಬಿದ್ದಾಗ ಮೈಯೆಲ್ಲ ಜುಮ್ಮೆಂದು, ಕಣ್ಣಲ್ಲಿ ನೀರು ಬಂತು. ವಸ್ತ್ರ ಮೂಗಿಗೆ ಹಿಡಿಯಲು ಕೈ ಖಾಲಿಯಿರಲಿಲ್ಲ. ಒಂದರಲ್ಲಿ ಬೋಗುಣಿ, ಒಂದರಲ್ಲಿ ಹುಡುಗಿಯ ಹಣೆ. ಆ ವಸ್ತ್ರವೇ ಹುಡುಗಿಯ ಬಾಯಿ ಒರೆಸಲು ಹೋಯಿತು. ಛೀ ಎನ್ನುತ್ತಲೇ ಮಧ್ಯಾಹ್ನ ಕಳೆದ. ಪಕ್ಕದ ಮಂಚದ ಮುದುಕಿ, "ಯಾಕಪ್ಪಾ, ಕೂಸಿಗೆ ಬೈತೀ?" ಎಂದಳು.

"ಕೂಸಿಗಲ್ಲವ್ವಾ," ಎಂದ ಗಾದೆಪ್ಪ. "ಹಿಂಗ ಅಂದ್ರ ನನಗ ತಡ್ಕೊಳ್ಳಾಕ ಆಕೈತಿ."

ಸಂಜೆಯ ಹೊತ್ತಿಗೆ ಡಾಕ್ಟರು ಒಂದು ಸಣ್ಣ ತಟ್ಟೆ ಹಿಡಿದು ಬಂದರು. ತಟ್ಟೆಯಲ್ಲಿ ನೆಲ್ಲಿಕಾಯಿಯಷ್ಟಿದ್ದ ಎರಡು ಮಾಂಸದ ಮುದ್ದೆಗಳು, ಮೇಲೆಲ್ಲ ತೂತು, ತೂತಿನಲ್ಲಿ ಹಳದಿ. ಗಾದೆಪ್ಪ ಒಮ್ಮೆ ನೋಡಿ ಕಣ್ಣು ಮುಚ್ಚಿದ. ಕೊಟ್ರಬಸಪ್ಪನವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಅವರ ಮುಖದಲ್ಲಿ ಪ್ರಭೆ ಮೂಡಿತು.

"ನೋಡಿದ್ರ್ಯಾ! ನನ್ನ ಬೆರಳಿಗೆ ಹತ್ತಿದ್ದು ಇದ! ನಾ ಇದನ್ನ ಎತ್ತುತಿದ್ದೆ! ಡಾಕ್ಟರ್ ಸಾಹೇಬ್ರ, ಒಂದು ಸೀಸೆದಾಗ ಹಾಕಿ ಕೊಡ್ರಿ. ಗಿರಣಿಯಾಗ ಇಡ್ತೀನಿ, ಊರ ಮಂದಿ ನೋಡ್ಲಿ."

ಗಾದೆಪ್ಪ ಜೀವಮಾನದಲ್ಲಿ ಕಂಡ ಹೇಸಿಗೆಗಳೆಲ್ಲ, ಆ ಮಧ್ಯಾಹ್ನದ್ದೂ ಸೇರಿ, ಇದರ ಮುಂದೆ ಸಪ್ಪೆಯಾದವು. ಒಂದು ಮಗುವಿನ ಗಂಟಲ ಕೀವನ್ನು ಅಕ್ಕಿಯ ಪಕ್ಕದಲ್ಲಿ ಪ್ರದರ್ಶನಕ್ಕಿಡುವ ಮನುಷ್ಯ ತನ್ನ ರಕ್ತಸಂಬಂಧಿ. ಅವನಿಗೆ ಛೀ ಸಾಲಲಿಲ್ಲ. ಎದ್ದು, ಡಾಕ್ಟರ ಕೈಯಿಂದ ತಟ್ಟೆಯನ್ನು ತಾನೇ ಇಸಿದುಕೊಂಡು, ಹೊರಗಿದ್ದ ಆಸ್ಪತ್ರೆಯ ಜವಾನನಿಗೆ ಕೊಟ್ಟು, "ಸುಟ್ಟು ಬಿಡಪ್ಪಾ," ಎಂದು ನಿಂತು ನೋಡಿ ಬಂದ. ಆಮೇಲೆ ಕೈ ತೊಳೆದ. ಬಹಳ ಹೊತ್ತು ತೊಳೆದ.

ಸಂಗಿ ಬದುಕಿದಳು, ಮೂಕಿಯಾಗಲಿಲ್ಲ. ಕೆಲವು ದಿನ ತಣ್ಣನೆಯ ಹಾಲು, ಆಮೇಲೆ ಗಂಜಿ, ಆಮೇಲೆ ಮೆತ್ತನೆಯ ಅನ್ನ. ಊರಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಜಂಬಮ್ಮ ಸುಟ್ಟ ಜೋಳದ ರೊಟ್ಟಿಯೊಂದು ಪೂರ್ತಿ ಇಳಿಯಿತು, ಸಂಗಿ ಇನ್ನೊಂದು ಬೇಕೆಂದಳು. ಆ ಅಮಾವಾಸ್ಯೆಗೆ ಜ್ವರ ಬರಲಿಲ್ಲ. ಮುಂದಿನದಕ್ಕೂ ಬರಲಿಲ್ಲ. ಬಂದದ್ದು ಮಾತು. ಎರಡು ವರ್ಷದ ಬಾಕಿಯೆಲ್ಲ ಒಟ್ಟಿಗೆ ಬಂದು ಬೆಲ್ಲದ ಪೇಟೆ ತುಂಬ ಹರಿದಾಡಿತು.

ಗಿರಣಿಯ ಜಗಲಿಯಲ್ಲಿ ಕೊಟ್ರಬಸಪ್ಪನವರ ಮಾತೂ ಹರಿಯುತ್ತಿತ್ತು. ಆಪರೇಷನ್ ಅವರು ಮಾಡಿಸಿದ್ದು. ಲಿಂಗವನ್ನು ತೋಳಿಗೆ ಕಟ್ಟುವ ಉಪಾಯ ಅವರದು. ಅವರ ಮಾತಿನಲ್ಲಿ ಗಡ್ಡೆಗಳು ಹೊಸಪೇಟೆ ಸ್ಟೇಷನ್ನಿನಲ್ಲಿ ನೆಲ್ಲಿಕಾಯಿಯಷ್ಟಿದ್ದವು, ಕಂಪ್ಲಿಗೆ ಬರುವಷ್ಟರಲ್ಲಿ ನಿಂಬೆಹಣ್ಣಾಗಿದ್ದವು, ಗಿರಣಿಯ ಜಗಲಿಗೆ ಬಂದ ಮೇಲೆ ನೆನೆಸಿದ ಹುರುಳಿಯ ಹಾಗೆ ದಿನದಿನವೂ ಉಬ್ಬುತ್ತಿದ್ದವು. ಗಾದೆಪ್ಪ ಎಲ್ಲವನ್ನೂ ಕೇಳಿಸಿಕೊಂಡು ಸುಮ್ಮನಿದ್ದ. ಹುಡುಗಿಗೆ ಗುಣವಾಗಿತ್ತು, ಕೀರ್ತಿ ಯಾರ ಮೊಣಕಾಲಿಗೆ ಬೇಕಾದರೂ ಒರೆಸಿಕೊಳ್ಳಲಿ.

ಹಾಗೇ ಇದ್ದುಬಿಡುತ್ತಿದ್ದನೋ ಏನೋ. ಒಂದು ದಿನ ಅಣ್ಣನೊಡನೆ ರಾಜಿಯಾಗಲೆಂದು ಬೆಲ್ಲದ ಹೊಸ ಅಚ್ಚು ಹಿಡಿದು, ಸಂಗಿಯನ್ನು ಕರೆದುಕೊಂಡು ಗಿರಣಿಗೆ ಹೋದ. ಸಂಗಿ ಕಬ್ಬು ಕಡಿಯುತ್ತ, ರಸ ಗದ್ದದವರೆಗೆ ಸುರಿಸಿಕೊಂಡು ಬಂದಳು. ಜಗಲಿಯಲ್ಲಿ ರಾಮಸಾಗರದ ಭರಮಮ್ಮ ಎಂಬ ಹೆಂಗಸು ತನ್ನ ಮಗಳನ್ನು ಕರೆತಂದು ಕುಳಿತಿದ್ದಳು. ಹುಡುಗಿಯ ಕೊರಳು ಊದಿ, ಜೊಲ್ಲು ನುಂಗಲಾರದೆ ಸುರಿಸುತ್ತಿತ್ತು.

"ಧಣೇರ, ನಿಮ್ಮ ಕೈಗುಣ ಕೇಳಿ ಬಂದೀನ್ರಿ. ಬಳ್ಳಾರಿ ಡಾಕ್ಟರಿಗೇ ಹೇಳಿಕೊಟ್ರಂತಲ್ರಿ."

ಕೊಟ್ರಬಸಪ್ಪನವರು ವಿನಯದಿಂದ ಕಣ್ಣು ಮುಚ್ಚಿ, ನಶ್ಯ ಏರಿಸಿ, ಬೂದಿಗೆ ಹೇಳಿದರು.

ಈ ಸಲ ಗಾದೆಪ್ಪ ಕೂಗಲಿಲ್ಲ. ಬೆಲ್ಲದ ಅಚ್ಚನ್ನು ಅಣ್ಣನ ಎರಡೂ ಕೈಗೆ ತುಂಬ ಭಕ್ತಿಯಿಂದ ಇಟ್ಟ. ದೊಡ್ಡ ಅಚ್ಚು, ಕೆಳಗಿಡಲು ಹೊತ್ತು ಬೇಕು. ಆ ಹೊತ್ತಿನಲ್ಲಿ ಭರಮಮ್ಮನ ಕಡೆ ತಿರುಗಿದ.

"ಇದು ಎತ್ತೋ ಪೈಕಿ ಅಲ್ಲವ್ವ. ನಾಳಿ ಮುಂಜಾನಿ ನನ್ನ ಬೆಲ್ಲದ ಬಂಡಿ ಹೊಸಪ್ಯಾಟಿಗೆ ಹೊಂಟೈತಿ. ಅಲ್ಲಿಂದ ರೈಲು. ಬಾ ನನ್ನ ಜೋಡಿ."

"ಕೊಯ್ತಾರಂತಲ್ರಿ," ಎಂದಳು ಭರಮಮ್ಮ, ಮಗಳ ಕೊರಳಿಗೆ ಅಂಗೈ ಅಡ್ಡ ಹಿಡಿದು.

"ಕೊಯ್ದ್ರ ಏನೂ ಆಗಂಗಿಲ್ಲ, ನೋಡಿಲ್ಲಿ!" ಎಂದು ಸಂಗಿ ಆ ಹುಡುಗಿಯ ಮುಖದ ಹತ್ತಿರ ಹೋಗಿ, ಅರ್ಧ ಜಗಿದ ಕಬ್ಬಿನ ಸಮೇತ ಬಾಯಿ ಅಗಲಿಸಿ ತೋರಿಸಿದಳು.

ಕೊಟ್ರಬಸಪ್ಪನವರು ಅಚ್ಚನ್ನು ಕೆಳಗಿಟ್ಟರು. ಮುಖ ಕೆಂಪಾಗಿತ್ತು. ತಮ್ಮನನ್ನು ನೋಡಿದರು, ಕಾಯುತ್ತ ನಿಂತ ಜನರನ್ನು ನೋಡಿದರು, ಬೂದಿ ಹಚ್ಚದ ಬೆರಳನ್ನು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ನಾನೂ ಬರ್ತೀನಿ ನಾಳಿ. ಆ ಡಾಕ್ಟರು ನನ್ನ ಗುರ್ತಿನೋರು. ನಾ ಹೇಳಿದ್ರ ಜಲ್ದಿ ನೋಡ್ತಾರ."

"ಬಾ ಅಣ್ಣಾ," ಎಂದ ಗಾದೆಪ್ಪ. ಮೈ ಸೋತ ಹುಡುಗಿಯನ್ನು ಎತ್ತಿ, ಭರಮಮ್ಮ ಊರಿಂದ ಬಂದಿದ್ದ ಬಂಡಿಯ ಕಡೆ ನಡೆದ. ಅದು ಅವನ ಹೆಗಲ ಮೇಲೆ ತಲೆಯಿಟ್ಟು, ಜೊಲ್ಲನ್ನೆಲ್ಲ ಬೆನ್ನಿಗೆ ಇಳಿಬಿಟ್ಟಿತು.

"ಥೂ, ಏನು ಹೊಲಸು ಕೂಸವ್ವ ನಿಂದು," ಎಂದು ಭರಮಮ್ಮನಿಗೆ ಬೈದ. "ನಾಳಿ ಬರೋವಾಗ ಇದರ ಲೋಟ ಬ್ಯಾರೆ ತಗೊಂಡು ಬಾ. ಮತ್ತ ಎರಡು ಹಳೀ ಸೀರಿ ತಗೊಂಡು ಬಾ, ಭಾಳ ಒರೆಸೋದಿರತೈತಿ."